ಐದನೇ ಕಾಜಾ

ನನ್ನ ಮೊಮ್ಮಗಳು ನಗುತ್ತಾಳೆ. ಬಾಯಲ್ಲಿ ಹಲ್ಲಿಲ್ಲ, ವಸಡು ಕಾಣುವಂತೆ ನಗುತ್ತಾಳೆ. ಕೈ ಕಾಲು ಹೊಟ್ಟೆ ಎಲ್ಲವನ್ನೂ ಸೇರಿಸಿಕೊಂಡು ನಗುತ್ತಾಳೆ. ಐದು ತಿಂಗಳ ಕೂಸು. ಮನೆಗೆ ಬಂದವರು "ಎಲ್ಲಾ ಅಜ್ಜೀದೇ ಮುಖ" ಅಂದರೆ "ಬಿಡ್ರಪ್ಪ, ನನ್ನ ಮುಖ ಯಾರಿಗೆ ಬೇಕು" ಅನ್ನುತ್ತೇನೆ. ಅವರು ಹೋದಮೇಲೆ ಒಳಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತೇನೆ. ಸೂಜಿ ಚುಚ್ಚಿ ಚುಚ್ಚಿ ನನ್ನ ತೋರುಬೆರಳು ಹುಣಸೆಬೀಜದ ಹಾಗೆ ಗಟ್ಟಿಯಾಗಿದೆ. ಆ ಬೆರಳನ್ನು ಹಿಡಿದರೆ ಅವಳು ಬಿಡುವುದೇ ಇಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಸಂತೋಷವನ್ನು ಹೇಗೆ ಬರೆಯಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದರೆ ಇಳಿಯುತ್ತದೆ. ಇದು ಇಳಿಯುತ್ತಿಲ್ಲ.

ಅವಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರಕ್ಕೆ ಅಂಗಿಯನ್ನು ನಾನೇ ಹೊಲಿಯುತ್ತೇನೆ ಅಂತ ಹಟ ಹಿಡಿದಿದ್ದೆ. ನಾವಿರುವ ಹಿಂದೂಪುರದ ಅಂಗಡಿಗಳಲ್ಲಿ ಗೊಂಬೆಗೆ ಹಾಕುವಂಥ ಅಂಗಿ ಬೇಕಾದಷ್ಟು ಸಿಗುತ್ತವೆ. ಸಿಗಲಿ. ನೆಲದ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಎತ್ತಿದ್ದೆ. ಆಗ ಕಲ್ಯಾಣದುರ್ಗದ ಬಸ್ಸಿಳಿದು ಬಂದ ನಮ್ಮ ನಂಟರೊಬ್ಬರು ಚಪ್ಪಲಿ ಬಿಡುವುದಕ್ಕೂ ಮೊದಲೇ ಹೇಳಿದರು.

"ಮೇಸ್ತ್ರಿ ಹೋಗ್ಬುಟ್ಟ ಕಣಮ್ಮ. ನೆನ್ನೆ ಹೊತ್ತಾರೆ."

"ಯಾವ ಮೇಸ್ತ್ರಿ?" ಅಂದೆ. ಗೊತ್ತಿದ್ದೂ ಕೇಳಿದೆ. ನನ್ನ ಬದುಕಿನಲ್ಲಿ ಇದ್ದವರು ಒಬ್ಬರೇ ಮೇಸ್ತ್ರಿ.

"ಇನ್ಯಾವ ಮೇಸ್ತ್ರಿ? ನಿಂಗೆ ಕೆಲ್ಸ ಕಲ್ಸಿದ ಟೈಲರು. ಸಾಯಂಕಾಲ ಮಣ್ಣು ಮಾಡ್ತಾರಂತೆ. ಬತ್ತೀಯಾ?"

"ಕೂಸಿನ ಶಾಸ್ತ್ರ ಇಟ್ಕೊಂಡು ಸಾವಿನ ಮನೇಗೆ ಹೋಗಬಾರ್ದು" ಅಂದೆ. ಅವರು ತಲೆಯಾಡಿಸಿ ನೀರು ಕುಡಿದು ಹೋದರು. ಶಾಸ್ತ್ರದ ನೆಪ ಚೆನ್ನಾಗಿತ್ತು. ಶಾಸ್ತ್ರ ಇರದಿದ್ದರೂ ನಾನು ಹೋಗುತ್ತಿರಲಿಲ್ಲ.

ಅವರು ಹೇಗಿದ್ದರು ಅಂತ ಹೇಳುತ್ತೇನೆ. ಎಡಗಡೆ ಭುಜ ಒಂದಿಷ್ಟು ಇಳಿದಿತ್ತು. ವರ್ಷಗಟ್ಟಲೆ ಮೆಷಿನ್ನಿನ ಮೇಲೆ ಬಾಗಿದವರಿಗೆ ಹಾಗಾಗುತ್ತದೆ. ಆ ಭುಜದ ಮೇಲೆ ಅಳತೆಯ ಟೇಪು, ಯಾವಾಗಲೂ. ಮದುವೆ ಊಟಕ್ಕೂ ಟೇಪು, ದೇವಸ್ಥಾನಕ್ಕೂ ಟೇಪು. ಪೂಜಾರಿ ಒಂದು ಸಲ, "ಏನಪ್ಪಾ, ದೇವ್ರಿಗೂ ಅಳತೆ ತಗೊಂತೀಯಾ?" ಅಂದಿದ್ದಕ್ಕೆ, "ಪಂಚೆಗೆ ಅಳತೆ ಬ್ಯಾಡ ಸ್ವಾಮಿ, ಷರಟು ಬೇಕಾದ್ರೆ ಹೇಳ್ರಿ" ಅಂದಿದ್ದರಂತೆ. ಎದುರಿಗೆ ಬಂದವರ ಮುಖವನ್ನು ಅವರು ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ಹೆಸರು ಮರೆತರೂ ಅಳತೆ ಮರೆಯುತ್ತಿರಲಿಲ್ಲ. ಮಧ್ಯಾಹ್ನ ಮುದ್ದೆ ಉಂಡಮೇಲೆ ಎರಡೆರಡು ಸಲ ಸೀಗೆಪುಡಿ ಹಾಕಿ ಕೈ ತೊಳೆದು, ಮೂಸಿ ನೋಡಿಕೊಂಡು, ಆಮೇಲೆ ಬಟ್ಟೆ ಮುಟ್ಟುತ್ತಿದ್ದರು.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಬೇಜಾರಾದರೆ ಎದ್ದು ಹೋಗಿ ಬಸ್ಸಿಗೆ ಕಾಯುತ್ತಿದ್ದ ಯಾರದಾದರೂ ಷರಟಿನ ಎದೆ ಹಿಡಿದು ಕಾಜಾ ಮುಟ್ಟಿ ನೋಡುತ್ತಿದ್ದರು. ಕಾಜಾ ಅಂದರೆ ಗುಂಡಿ ತೂರುವ ತೂತು; ಅದರ ಸುತ್ತ ಕೈಯಲ್ಲಿ ಹಾಕುವ ಹೊಲಿಗೆ. ಒಂದು ಸಲ ಕುಂದುರ್ಪಿಯ ಕುರಿ ವ್ಯಾಪಾರಿಯೊಬ್ಬ ಜೇಬುಗಳ್ಳ ಅಂದುಕೊಂಡು ಅವರ ಕೈ ತಿರುಚಿಬಿಟ್ಟ. ಮೇಸ್ತ್ರಿ ನೋವಿನಲ್ಲೂ ಕೇಳಿದ್ದು ಇಷ್ಟೇ.

"ಕೈ ಬೇಕಾದ್ರೆ ಮುರಿಯಯ್ಯ. ಇದನ್ನ ಹೊಲಿದೋನು ಬ್ರಹ್ಮಸಮುದ್ರದೋನು ತಾನೇ, ಅಷ್ಟು ಹೇಳ್ಬುಡು."

ವ್ಯಾಪಾರಿ ಕೈ ಬಿಟ್ಟು ಬಾಯಿ ತೆರೆದುಕೊಂಡು ನಿಂತನಂತೆ. ಹೊಲಿದದ್ದು ಬ್ರಹ್ಮಸಮುದ್ರದ ಟೈಲರೇ.

ಎಂಥ ಕೈಯೂ ಬಟ್ಟೆಯ ಮೇಲೆ ತನ್ನ ಗುರುತು ಬಿಟ್ಟೇ ಬಿಡುತ್ತದೆ ಅಂತ ನನಗೆ ಕಲಿಸಿದವರು ಅವರು. ಕಲಿಸದೇ ಇದ್ದಿದ್ದರೆ ಅವರಿಗೂ ಒಳ್ಳೆಯದಿತ್ತು, ನನಗೂ ಒಳ್ಳೆಯದಿತ್ತು.

ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದಾಗ ಎಂಬತ್ತನೇ ಇಸವಿಯ ಆಸುಪಾಸು. ಮದುವೆಯಾಗಿ ಒಂದು ಹೆಣ್ಣುಮಗುವಿತ್ತು. ಗಂಡ ಇನ್ನೊಬ್ಬರ ಜೀಪು ಓಡಿಸುತ್ತಿದ್ದರು, ಕುಂದುರ್ಪಿಗೂ ಕಲ್ಯಾಣದುರ್ಗಕ್ಕೂ. ಸರ್ಕಾರದವರು ಹೆಂಗಸರಿಗೆ ಹೊಲಿಗೆ ತರಬೇತಿ ಅಂತ ಮಾಡಿ, ನಮ್ಮಂಥ ಒಂದಷ್ಟು ಜನಕ್ಕೆ ಸರ್ಟಿಫಿಕೇಟು ಕೊಟ್ಟು ಕಳಿಸಿದ್ದರು. ಕೆಲಸ ಯಾರು ಕೊಡುತ್ತಾರೆ ಅಂತ ಮಾತ್ರ ಹೇಳಿರಲಿಲ್ಲ. ನಾನು ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸಿ, ಸೆರಗಿನಲ್ಲಿ ಸುತ್ತಿ ತಗೊಂಡು ಹೋಗಿದ್ದೆ. ಮೇಸ್ತ್ರಿ ಅದನ್ನು ತಿರುಗಿಸಿ ನೋಡಿ, ಬೀಸಣಿಗೆಯ ಹಾಗೆ ಎರಡು ಸಲ ಬೀಸಿಕೊಂಡು, "ಗಾಳಿ ಚೆನ್ನಾಗಿ ಬತ್ತೈತೆ. ಒಂದು ಕಾಜಾ ಹಾಕಿ ತೋರ್ಸು" ಅಂದರು.

ಹಾಕಿಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು.

"ಇದೇನಮ್ಮಣ್ಣಿ, ಕಾಜಾನೋ ಗಾಯಾನೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಅಳು ಬಂತು. ಅವರು ಚಿಂದಿ ಬಟ್ಟೆಯ ಚೀಲವನ್ನು ನನ್ನ ಮುಂದೆ ಸುರಿದು, ಇದಷ್ಟಕ್ಕೂ ಹಾಕು ಅಂದರು. ದಾರಕ್ಕೆ ಮೇಣ ಸವರುವುದು, ಸೀಮೆಸುಣ್ಣದ ಗೆರೆಯ ಮೇಲೆ ಬಟ್ಟೆ ಮಡಿಸಿ ಕತ್ತರಿಯ ತುದಿ ಇಡುವುದು, ಒಂದೊಂದು ಹೊಲಿಗೆಗೂ ಗಂಟು ಕೂರಿಸುವುದು, ಎಲ್ಲ ಕಲಿಸಿದರು. ಅವರ ಕಾಜಾದ ಬುಡದಲ್ಲಿ ದಾರ ಮೂರು ಸುತ್ತು ಸುತ್ತಿ ಒಂದು ಸಣ್ಣ ಅಡ್ಡಹೊಲಿಗೆ ಇರುತ್ತಿತ್ತು, ಅಕ್ಕಿಕಾಳಿನಂತೆ ನುಣ್ಣಗೆ. ಬೇರೆ ಯಾರ ಕೈಗೂ ಅದು ಬರುತ್ತಿರಲಿಲ್ಲ. ನನ್ನದು ಬುಡದಲ್ಲಿ ಯಾವಾಗಲೂ ಚೂರು ಬಿಗಿದು ಬಟ್ಟೆ ಸುಕ್ಕಾಗುತ್ತಿತ್ತು. ಇಂದಿಗೂ ಸುಕ್ಕಾಗುತ್ತದೆ.

ಕತ್ತರಿ ಕೊಡುವಾಗಲೆಲ್ಲ ಒಂದು ಮಾತು ಹೇಳುತ್ತಿದ್ದರು. "ಗುಂಡಿ ತಪ್ಪಿ ಹೊಲಿದ್ರೆ ಬಿಚ್ಚಿ ಹೊಲೀಬೋದು ಕಣಮ್ಮ. ಕಾಜಾ ತಪ್ಪಿ ಕತ್ತರಿಸಿದ್ರೆ ಆಯ್ತು ಅಷ್ಟೇ. ಹೊಲಿಗೆ ಬಿಚ್ಚಿದ್ರೂ ತೂತು ಹೋಗಲ್ಲ."

ಮೊಮ್ಮಗಳು ಅಳುತ್ತಿದ್ದಾಳೆ. ಬಂದೆ ಇರಿ.

ಮಲಗಿಸಿ ಬಂದೆ. ಹಸಿವಲ್ಲ, ನಾನು ಕಾಣಲಿಲ್ಲವಲ್ಲ, ಅದಕ್ಕೆ ಅಳು. ನನ್ನನ್ನು ನೋಡಿದ್ದೇ ತಡ, ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. ಇಂಥದ್ದನ್ನು ನೋಡಿದ ಮೇಲೆ ಯಾರ ಮೇಲೆ ಏನು ಸಿಟ್ಟಿಟ್ಟುಕೊಳ್ಳುವುದು ಅನ್ನಿಸುತ್ತದೆ. ಆದರೂ ಇದೆ.

ಆ ದಿನಗಳಲ್ಲಿ ಸರ್ಕಾರಿ ಹಾಸ್ಟೆಲ್ಲುಗಳ ಮಕ್ಕಳಿಗೆ ವರ್ಷಕ್ಕೆ ಎರಡು ಜೊತೆ ಬಟ್ಟೆ ಕೊಡುತ್ತಿದ್ದರು. ಬಟ್ಟೆಯ ಗಂಟು ಗಂಟೇ ಊರಿನ ಟೈಲರುಗಳಿಗೆ ಬರುತ್ತಿತ್ತು. ಮೊದಲಿಂದ ಸರ್ಕಾರಿ ಕೆಲಸ ಹೊಲಿದುಕೊಂಡು ಬಂದ ಹಳೆಯ ಟೈಲರುಗಳು ಅದು ತಮ್ಮದೇ ಅನ್ನುತ್ತಿದ್ದರು. ಸರ್ಟಿಫಿಕೇಟು ಹಿಡಿದು ಬರಿಗೈಲಿ ಕೂತ ನಾವು ಹನ್ನೊಂದು ಹೆಂಗಸರು ನಮಗೂ ಬೇಕು ಅಂದೆವು. ಮೇಸ್ತ್ರಿಯ ಅಂಗಡಿಯ ಮುಂದೆಯೇ ಜಗಳವಾಯಿತು. ಹಳೆಯ ಟೈಲರುಗಳಲ್ಲಿ ದಪ್ಪ ಕನ್ನಡಕದ ತಾತ ಒಬ್ಬರು ಇದ್ದರು.

"ನಾನು ಪೊಲೀಸ್ನೋರ ಖಾಕಿ ಹೊಲಿಯೋವಾಗ ಇವ್ರೆಲ್ಲ ಲಂಗ ಒದ್ದೆ ಮಾಡ್ಕೊಂತಿದ್ರು. ಈಗ ಪಾಲು ಕೇಳಕ್ಕೆ ಬಂದವ್ರೆ!"

ನಮ್ಮ ಗುಂಪಿನಲ್ಲಿ ಬಾಯಿ ಜೋರಿನವಳೊಬ್ಬಳಿದ್ದಳು. "ನೀನು ಹೊಲಿದ ಪ್ಯಾಂಟಾಕ್ಕೊಂಡೇ ತಾತ ಪೊಲೀಸ್ನೋರು ಯಾವಾಗ್ಲೂ ನಿಂತೇ ಇರೋದು! ಕೂತ್ರೆ ಹರೀತೈತಲ್ಲ!"

ನಗು ಎದ್ದು, ಅದರ ಹಿಂದೆಯೇ ಕೂಗಾಟವೂ ಎದ್ದಿತು. ಮೇಸ್ತ್ರಿ ಮೆಷಿನ್ ನಿಲ್ಲಿಸಲಿಲ್ಲ. ಹಿಡಿದಿದ್ದ ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು ಹೇಳಿದರು. "ಕತ್ತರಿ ಹಳಬರ ಕೈಲಿರ್ಲಿ, ಸೂಜಿ ಸರದೀಲಿ ಹೋಗ್ಲಿ. ಕಟ್ಟಿಂಗ್ ಎಲ್ಲಾ ಹಳಬರದು. ಹೊಲಿಗೆ ಗಂಟು ಒಂದ್ಸಲ ಒಬ್ರಿಗೆ, ಹಳಬರಾದ್ರೂ ಸರಿ, ಹೊಸಬರಾದ್ರೂ ಸರಿ."

"ಸರದಿ ಯಾರು ಬರೆದಿಡ್ತಾರೆ? ನಮ್ಮಲ್ಲಿ ಅರ್ಧ ಜನಕ್ಕೆ ಓದಕ್ಕೆ ಬರಲ್ಲ" ಅಂದೆ ನಾನು.

"ಬರೆಯೋದು ಯಾಕೆ? ಹೊಲಿಯಕ್ಕೆ ಬತ್ತದಲ್ಲ."

ಅಂಗಡಿಯ ಗೋಡೆಗೆ ಉದ್ದಕ್ಕೂ ಒಂದು ತಂತಿ ಕಟ್ಟಿದರು. ಒಬ್ಬೊಬ್ಬರದೂ ಒಂದೊಂದು ಬಟ್ಟೆಪಟ್ಟಿ ಅದರಲ್ಲಿ ನೇತಾಡಬೇಕು. ಗೇಣುದ್ದ, ಎರಡು ಬೆರಳಗಲ, ಅವರವರದೇ ಬಣ್ಣ. ನನ್ನದು ಅರಿಶಿನ ಬಣ್ಣದ್ದು, ನನ್ನ ಮದುವೆ ಸೀರೆಯಿಂದ ಕತ್ತರಿಸಿದ್ದು. ಒಂದು ಗಂಟು ತಗೊಂಡರೆ ಪಟ್ಟಿಯ ಮೇಲೆ ಒಂದು ಕಾಜಾ. ತನ್ನ ಕಾಜಾ ತಾನೇ, ಎಲ್ಲರ ಮುಂದೆ ಕೂತು ಹಾಕಬೇಕು. ಯಾರ ಪಟ್ಟಿಯಲ್ಲಿ ಕಾಜಾ ಕಡಿಮೆಯೋ ಮುಂದಿನ ಗಂಟು ಅವರಿಗೆ. ಇಬ್ಬರದು ಸಮ ಬಂದರೆ ಮೊದಲು ಸೇರಿದವರಿಗೆ. ಹೊಸದಾಗಿ ಸೇರುವವರು ಬರೀ ಪಟ್ಟಿ ನೇತುಹಾಕಿ ಮುಂದೆ ನುಗ್ಗುವ ಹಾಗಿಲ್ಲ. ಆವತ್ತು ಎಲ್ಲರಿಗಿಂತ ಕಡಿಮೆ ಕಾಜಾ ಇರುವವರದು ಎಷ್ಟೋ ಅಷ್ಟನ್ನು ಮೊದಲೇ ಹಾಕಿಕೊಂಡು ಬರಬೇಕು. ಮೇಸ್ತ್ರಿ ತಮ್ಮ ಖಾಕಿ ಪಟ್ಟಿಯ ಮೇಲೆ ಅಲ್ಲೇ ಕೂತು ಎರಡು ಕಾಜಾ ಹಾಕಿ, "ಇಷ್ಟು ವರ್ಷ ತಿಂದಿದ್ದಕ್ಕೆ" ಅಂತ ತಂತಿಯ ಕೊನೆಗೆ ಸಿಕ್ಕಿಸಿದರು. ಅದನ್ನು ನೋಡಿ ಹಳಬರೆಲ್ಲ ಗೊಣಗುತ್ತಲೇ ಎರಡೆರಡು ಹಾಕಿಕೊಂಡರು. ಕನ್ನಡಕದ ತಾತ ಹಾಕುವಾಗ ಸೂಜಿಗೆ ದಾರ ಪೋಣಿಸಿಕೊಟ್ಟವಳು ನಮ್ಮ ಬಾಯಿ ಜೋರಿನವಳೇ.

ಆ ತಂತಿ ನಮಗೆ ದೇವರಮನೆಯಂತೆ ಆಯಿತು. ಮೇಸ್ತ್ರಿಯ ಸ್ವಂತ ತಮ್ಮ ಒಂದು ಸಲ ಬಂದು, ಹಬ್ಬ ಹತ್ತಿರ ಬಂತು, ಈ ಗಂಟು ನನಗಿರಲಿ ಅಂದ. ಮೇಸ್ತ್ರಿ ಅವನ ಕೈ ಹಿಡಿದು ತಂತಿಯ ಹತ್ತಿರ ಕರೆದುಕೊಂಡು ಹೋದರು. "ಎಣಿಸ್ಲಾ. ನಿಂದು ಆರು. ಆಯಮ್ಮಂದು ಮೂರು. ನಾನು ಅಣ್ಣ ಅಂತ ಮೂರು ಆರಾಯ್ತದಾ?" ತಮ್ಮ ಒಂದು ವರ್ಷ ಮಾತು ಬಿಟ್ಟ. ಆ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು ಹೋದ ಮೂರು ಕಾಜಾದವಳು ನಾನೇ. ಆವತ್ತು ಅವರ ಕಾಲಿಗೆ ಬೀಳಬೇಕು ಅನ್ನಿಸಿತ್ತು. ಅದೇ ಮನುಷ್ಯ.

ಹೊಲಿದು ಕೊಟ್ಟರೂ ಆಫೀಸಿನ ಕಾಗದದಲ್ಲಿ ನಮ್ಮ ಹೆಸರು ಇರುತ್ತಿರಲಿಲ್ಲ. ಹಳಬರ ಹೆಸರಿನ ಕೆಳಗೆ ನಾವೆಲ್ಲ ಬರೀ ಕೈಗಳು. ಒಂದು ದಿನ ಹಾಸ್ಟೆಲ್ ಆಫೀಸಿನ ಗುಮಾಸ್ತರು ಬಂದು, ಹಿಂದೂಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವರ್ಷದ ಬಟ್ಟೆ ಪೂರಾ ಈ ಸಲ ಒಬ್ಬರಿಗೇ ಅಂದರು. ಆ ಒಬ್ಬರನ್ನು ಸರ್ಕಾರದ ಟೈಲರುಗಳ ಲಿಸ್ಟಿಗೆ ಸೇರಿಸುತ್ತಾರೆ, ಮುಂದೆ ಲಿಸ್ಟಿನಲ್ಲಿ ಇರುವವರಿಗೆ ಮಾತ್ರ ಕೆಲಸ. "ಒಕ್ಕ ಪೇರೇ ರಾಸ್ತಾನು" ಅಂತ ಬೆರಳು ತೋರಿಸಿ ತೆಲುಗಿನಲ್ಲಿ ಹೇಳಿದರು. ಒಂದೇ ಹೆಸರು.

ತಂತಿಯಲ್ಲಿ ಎಲ್ಲರಿಗಿಂತ ಕಡಿಮೆ ಇದ್ದದ್ದು ನನ್ನದು, ನಾಲ್ಕು ಕಾಜಾ. ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕರ ಪಟ್ಟಿ ಇನ್ನೊಂದು ಕೂಡ ಇತ್ತು, ಹೊಸದು, ಬಿಳೀದು. ಅದು ಮೇಸ್ತ್ರಿಯ ಅಳಿಯನದು. ಅವನು ಹಿಂದೂಪುರದಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ. ಮಗ್ಗದ ಶೆಡ್ಡು ಮುಚ್ಚಿಹೋಯಿತು. ಹೆಂಡತಿಯನ್ನು ತವರಿಗೆ ಕಳಿಸಿ, ಹಿಂದೆಯೇ ತಾನೂ ಬಂದು ಅಂಗಡಿಯ ಬೆಂಚಿನ ಮೇಲೆ ರೇಡಿಯೋ ತಿರುಗಿಸುತ್ತ ಕೂತಿದ್ದ. ಮಾವನ ಹತ್ತಿರ ಎರಡು ತಿಂಗಳು ಹೊಲಿಗೆ ಕಲಿತ. ಕೆಟ್ಟವನಲ್ಲ ಅವನು. ಮೆಷಿನ್ ತುಳಿದರೆ ಬಟ್ಟೆ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಸಮ ಬಂದರೆ ಮೊದಲು ಸೇರಿದವರಿಗೆ ಅನ್ನುವುದು ನಿಯಮ, ಹಾಗಾಗಿ ನನ್ನ ಸರದಿಗೆ ಯಾವ ಅಡ್ಡಿಯೂ ಇರಲಿಲ್ಲ.

ಹಿಂದಿನ ದಿನವೆಲ್ಲ ತೆಲುಗು ಶಾಲೆಗೆ ಹೋಗುತ್ತಿದ್ದ ಮಗಳ ಹತ್ತಿರ ಕೂತು ನನ್ನ ಹೆಸರನ್ನು ತೆಲುಗಿನಲ್ಲಿ ಬರೆಯುವುದು ಕಲಿತೆ. ಕನ್ನಡದಲ್ಲಿ ಬರುತ್ತಿತ್ತು, ಆದರೆ ಆಂಧ್ರದ ಸರ್ಕಾರ, ಆಫೀಸಿನ ಕಾಗದಕ್ಕೆ ತೆಲುಗು ಬೇಕಲ್ಲ. ಮರೆತುಹೋದರೆ ಅಂತ ಬೆಳಿಗ್ಗೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆಸಿಕೊಂಡು ಹೋದೆ. ದಾರಿಯಲ್ಲಿ ಯಾರಾದರೂ ಕೈ ಮುಗಿದರೆ ಅಳಿಸೀತು ಅಂತ ಬರೀ ತಲೆಯಾಡಿಸುತ್ತ ನಡೆದೆ.

ಎಲ್ಲರೂ ಸೇರಿದ್ದರು. ಗುಮಾಸ್ತರು ಕುರ್ಚಿಯ ಮೇಲೆ. ಕನ್ನಡಕದ ತಾತ ಪಟ್ಟಿಗಳನ್ನು ಒಂದೊಂದಾಗಿ ಹಿಡಿದು ಜೋರಾಗಿ ಎಣಿಸಿದರು. ನನ್ನದು ಬಂತು. "ಒಂದು, ಎರಡು, ಮೂರು, ನಾಕು... ಐದು."

"ನಾಕು ತಾತಾ" ಅಂದೆ.

"ಐದೈತಮ್ಮ."

"ಇಲ್ಲ, ನಾಕೇ. ನಾನು ಹಾಕಿದ್ದು ನಂಗೆ ಗೊತ್ತಿಲ್ವಾ?"

ಯಾರೋ ಹಿಂದಿನಿಂದ, "ಮೂರನೇ ಕ್ಲಾಸ್ನಲ್ಲಿ ಐದರವರ್ಗೂ ಹೇಳ್ಕೊಡಲ್ವೇನಮ್ಮ?" ಅಂದರು. ನಕ್ಕರು. ನಾನೂ ನಗುತ್ತಲೇ ಮುಂದೆ ಹೋಗಿ ಪಟ್ಟಿ ಕೈಗೆ ತಗೊಂಡೆ. ಐದಿತ್ತು. ನೋಡುವುದಕ್ಕೆ ಮೊದಲೇ ಬೆರಳಿಗೆ ತಿಳಿಯಿತು. ನಾಲ್ಕು ಕಾಜಾಗಳ ಬುಡದಲ್ಲಿ ಬಟ್ಟೆ ಚೂರು ಸುಕ್ಕಾಗಿತ್ತು. ಐದನೆಯದರಲ್ಲಿ ಸುಕ್ಕಿರಲಿಲ್ಲ. ಮೂರು ಸುತ್ತು, ಒಂದು ಅಡ್ಡಹೊಲಿಗೆ, ಅಕ್ಕಿಕಾಳಿನಂತೆ ನುಣ್ಣಗೆ.

ತಿರುಗಿ ನೋಡಿದೆ. ಮೇಸ್ತ್ರಿ ಭುಜದ ಮೇಲಿನ ಟೇಪನ್ನು ತೆಗೆದು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು, ಸುತ್ತುತ್ತಿದ್ದರು. ತಾತ ಕನ್ನಡಕವನ್ನು ಹಣೆಗೆ ಏರಿಸಿ ಪಟ್ಟಿಯನ್ನು ಕಣ್ಣಿನ ಹತ್ತಿರ ತಂದುಕೊಂಡು, ನಿಧಾನವಾಗಿ ಬಿಟ್ಟುಬಿಟ್ಟರು. ಅವರಿಗೂ ತಿಳಿಯಿತು. ಅಷ್ಟು ವರ್ಷ ಪಕ್ಕದಲ್ಲಿ ಕೂತು ಹೊಲಿದವರು. ಅವರು ನನ್ನ ಮುಖ ನೋಡಿದರು. ನಾನೇನು ಹೇಳುತ್ತೇನೆ ಅಂತ ಕಾದರು.

ಒಂದು ಮಾತು ಸಾಕಿತ್ತು. ಆ ಮಾತು ಹೊರಗೆ ಬಂದರೆ ತಂತಿ ಆವತ್ತೇ ಕಿತ್ತುಹೋಗುತ್ತಿತ್ತು. ಕಟ್ಟಿದವರೇ ಕದ್ದರು ಅಂದಮೇಲೆ ಹಳಬರು ಯಾಕೆ ಸರದಿ ಕಾಯುತ್ತಾರೆ? ಹನ್ನೊಂದು ಹೆಂಗಸರೂ ಸರ್ಟಿಫಿಕೇಟು ಬೀಸಿಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಬಾಯಿ ಜೋರಿನವಳಿಗೆ ಆಗಷ್ಟೇ ಗಂಡ ತೀರಿಕೊಂಡಿದ್ದ. ಅವಳು ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು.

"ಮರ್ತಿದ್ದೆ ತಾತಾ. ಐದೇ" ಅಂದೆ.

ನಾಲ್ಕರ ಪಟ್ಟಿ ಈಗ ಬಿಳೀದು ಒಂದೇ; ಗುಮಾಸ್ತರು ಅಳಿಯನ ಹೆಸರು ಬರೆದುಕೊಂಡರು. ನಾನು ಮುಷ್ಟಿ ಬಿಗಿಹಿಡಿದುಕೊಂಡೇ ಮನೆಗೆ ಬಂದೆ. ಬಿಚ್ಚಿ ನೋಡಿದರೆ ಅಂಗೈಯಲ್ಲಿ ನೀಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ಮಾರನೇ ದಿನ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ ಹೋದೆ. ಅವರನ್ನು ನಾನು ಮಾವ ಅನ್ನುತ್ತಿದ್ದೆ.

"ಐದನೇದು ಯಾರ್ದು ಮಾವಾ?"

ಮೆಷಿನ್ ಓಡುತ್ತಲೇ ಇತ್ತು.

"ನಿನ್ನ ಕೈ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ನೀನೇ ಕಲ್ಸಿದ್ದಲ್ವಾ?"

ಮೆಷಿನ್ ನಿಂತಿತು. "ಮಗ್ಳು ಗಂಟು ಕಟ್ಕೊಂಡು ಬಂದು ಮನೇಲಿ ಕೂತವ್ಳೆ ಕಣಮ್ಮ. ಅವ್ನಿಗೆ ಒಂದು ದಾರಿ ಅಂತ ಆಗ್ಬೇಕು."

"ನಂಗೆ ಬ್ಯಾಡ್ವಾ ದಾರಿ?"

"ನಿಂಗೆ ಕೈಯೈತೆ ಅಮ್ಮಣ್ಣಿ. ಎಲ್ಲಿ ಹೋದ್ರೂ ಬದುಕ್ಕೊಂತೀಯ. ಅವ್ನಿಗೆ ಅದೂ ಇಲ್ಲ."

"ಕೈ ಐತೆ ಅಂತ ಬಾಯಿಗೆ ಮಣ್ಣಾಕ್ತಾರಾ? ಕರೆದು ಕೇಳಿದ್ರೆ ನಾನೇ ಬಿಡ್ತಿದ್ನೋ ಏನೋ. ಯಾಕೆ ಕೇಳ್ಲಿಲ್ಲ?"

ಸೂಜಿಯಿಂದ ದಾರ ತೆಗೆದು ಮತ್ತೆ ಪೋಣಿಸಿದರು. ಆಮೇಲೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು, ಅದೇ ಕಷ್ಟ.

"ಬ್ಯಾರೆ ಯಾರ ಸರದಿ ಆಗಿದ್ರೂ ನಾನು ಕೈ ಹಾಕ್ತಿರ್ಲಿಲ್ಲ. ನೀನು ಅಂತ ಹಾಕ್ದೆ. ನೀನು ಬಾಯಿ ಬಿಡಲ್ಲ ಅಂತ ಗೊತ್ತಿತ್ತು. ನೀನು ನಂಗೆ ಮಗಳಿದ್ದಂಗೆ."

"ಮಗಳು ಒಳಗವ್ಳೆ ಮಾವಾ" ಅಂದೆ. "ನಾನು ಹೊರಗಿನೋಳು."

ತಂತಿಯಿಂದ ನನ್ನ ಅರಿಶಿನ ಪಟ್ಟಿಯನ್ನು ಎಳೆದುಕೊಂಡೆ. ಅವರು ಎದ್ದು ನಿಂತರು. "ಬ್ಯಾಡಮ್ಮಣ್ಣಿ, ತೆಗೆದ್ರೆ ಸರದಿ ಹೋಯ್ತದೆ. ಮುಂದಿನ ಗಂಟು ನಿಂದೇ."

"ಹೋಗ್ಲಿ" ಅಂದೆ.

ಇದ್ದಿದ್ದರೂ ಹೆಚ್ಚೇನೂ ಸಿಗುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಎರಡು ವರ್ಷದಲ್ಲಿ ಲಿಸ್ಟು ಮುಚ್ಚಿ, ಅದರಲ್ಲಿ ಇಲ್ಲದವರಿಗೆ ಗಂಟು ಕೊಡುವುದನ್ನೇ ನಿಲ್ಲಿಸಿದರು. ಹಳಬರ ಹೆಸರುಗಳು ಅದರಲ್ಲಿ ಮೊದಲೇ ಇದ್ದವು, ಅಳಿಯನದೂ ಸೇರಿತ್ತು. ಹೊರಗುಳಿದ ನಮ್ಮವರ ಪಟ್ಟಿಗಳು ತಂತಿಯಲ್ಲಿ ಬಣ್ಣ ಹೋಗುವವರೆಗೂ ನೇತಾಡಿದವಂತೆ. ಯಾರಿಗೋಸ್ಕರ ನಾನು ಬಾಯಿ ಮುಚ್ಚಿಕೊಂಡೆನೋ ಅವರಿಗೂ ಅದರಿಂದ ಎರಡು ವರ್ಷದ ಅನ್ನ ಅಷ್ಟೇ ಸಿಕ್ಕಿತು. ಅಷ್ಟಾದರೂ ಸಿಕ್ಕಿತು ಅನ್ನಬೇಕು.

ಪಟ್ಟಿ ಎಳೆದುಕೊಂಡು ಬಂದ ಒಂದೆರಡು ತಿಂಗಳಲ್ಲೇ ನನ್ನ ಗಂಡನಿಗೆ ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತು. ಬಂದೆವು. ನಾನು ರೆಡಿಮೇಡ್ ಬಟ್ಟೆಯ ಒಂದು ಅಂಗಡಿಗೆ ಕಾಜಾ ಹಾಕುವುದಕ್ಕೆ ಸೇರಿದೆ. ಹೊಲಿಗೆಯಲ್ಲಿ ಅದೇ ಎಲ್ಲಕ್ಕಿಂತ ಕೆಳಗಿನ ಕೆಲಸ, ಕಲಿಯಲು ಬಂದ ಹುಡುಗರು ಮಾಡುವಂಥದ್ದು. ಮೊದಲನೇ ವಾರವೇ ಅಂಗಡಿಯವನು ಒಂದು ದೊಡ್ಡ ಗಂಟು ತಂದು ಹಾಕಿದ. ಬಿಳಿ ಷರಟುಗಳು, ನೀಲಿ ಕಾಲರು. ಹೆಣ್ಣುಮಕ್ಕಳ ಹಾಸ್ಟೆಲ್ಲಿನವು. ಅಳಿಯ ಹೇಗೋ ಹೊಲಿದು ಮುಗಿಸಿ ಕಾಜಾವನ್ನು ಹೊರಗೆ ಕೊಟ್ಟಿದ್ದ. ಕಂಕುಳ ಹತ್ತಿರ ಅರ್ಧ ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿತ್ತು. ಬೆಳೆಯುವ ಮಕ್ಕಳು ಅಂತ ಹಾಗೆ ಬಿಟ್ಟು ಕತ್ತರಿಸುವವರು ಮೇಸ್ತ್ರಿ ಒಬ್ಬರೇ. ನನ್ನ ಹೆಸರಿನ ಮೇಲೆ ಬರಬೇಕಾಗಿದ್ದ ಗಂಟು ಕಾಜಾಕ್ಕೆ ಅಂತ ನನ್ನ ಮಡಿಲಿಗೇ ಬಂದು ಬಿದ್ದಿತ್ತು.

ಕತ್ತರಿಯನ್ನು ಅಡ್ಡಾದಿಡ್ಡಿ ಆಡಿಸಿಬಿಡಲಾ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅನ್ನಿಸಿತು. ಆದರೆ ಯಾವಳೋ ಹುಡುಗಿ ಕ್ಲಾಸಿನಲ್ಲಿ ಎದ್ದು ನಿಂತಾಗ ಎದೆಯ ಮೇಲಿನ ಗುಂಡಿ ಜಾರಿದರೆ? ಆ ಕೂಸುಗಳು ನನಗೇನು ಮಾಡಿದ್ದವು? ಎಲ್ಲಕ್ಕೂ ಹಾಕಿದೆ. ಒಂದೊಂದಕ್ಕೂ ಮೇಣ ಸವರಿ, ಗಂಟು ಕೂರಿಸಿ ಹಾಕಿದೆ. ಅಳುತ್ತ ಹಾಕಿದೆ, ಬಟ್ಟೆಯ ಮೇಲೆ ಬೀಳದ ಹಾಗೆ.

ತುಂಬ ವರ್ಷಗಳಾದ ಮೇಲೆ ಒಂದು ಸಲ ಅವರು ಅದೇ ಅಂಗಡಿಗೆ ಬಂದಿದ್ದರು, ಮಗಳ ಮನೆಗೆ ಅಂತ ಹಿಂದೂಪುರಕ್ಕೆ ಬಂದವರು. ನಾನು ಒಳಕೋಣೆಯಲ್ಲಿದ್ದೆ. ಹೊರಗೆ ಅವರ ದನಿ ಕೇಳಿಸಿತು. ಯಾವುದೋ ಷರಟಿನ ಎದೆ ಮುಟ್ಟಿರಬೇಕು. "ಇದು ನಮ್ಮ ಹುಡುಗಿ ಕೈ ಕಣಯ್ಯ! ಬುಡ ನೋಡು, ಈಗ್ಲೂ ಬಿಗೀತಾಳೆ" ಅಂತ ಅಂಗಡಿಯವನಿಗೆ ಹೇಳುತ್ತಿದ್ದರು. ಆ ದನಿಯಲ್ಲಿ ಹೆಮ್ಮೆಯಿತ್ತು. ಅಂಗಡಿಯವನು ಒಳಗೆ ಬಂದು, "ಯಾರೋ ಮುದುಕಪ್ಪ ಬಂದವ್ನೆ, ನಿನ್ನ ನೋಡ್ಬೇಕಂತೆ" ಅಂದ. "ಇಲ್ಲ ಅನ್ನು" ಅಂದೆ. ಬಸ್ಸಿನ ಹೊತ್ತಾಗುವವರೆಗೂ ಬೆಂಚಿನ ಮೇಲೆ ಕೂತಿದ್ದರಂತೆ. ಬಾಗಿಲಿನ ಸಂದಿಯಲ್ಲಿ ಆ ಇಳಿದ ಭುಜ ಮಾತ್ರ ಕಾಣುತ್ತಿತ್ತು. ಟೇಪಿತ್ತು. ನಾನು ಹೋಗಲಿಲ್ಲ.

ಮೊನ್ನೆ ಸಾವಿನ ಸುದ್ದಿ ಬಂದಾಗಲೂ ಹೋಗಲಿಲ್ಲ. ಅಂಗಿ ಹೊಲಿಯುತ್ತ ಕೂತೆ. ಎದೆಯ ಭಾಗಕ್ಕೆ ಬಂದಾಗ ಪೆಟ್ಟಿಗೆ ತೆಗೆದು ತಳದಿಂದ ಆ ಅರಿಶಿನ ಪಟ್ಟಿಯನ್ನು ಹುಡುಕಿ ತಗೊಂಡೆ. ನನ್ನ ಮದುವೆ ಸೀರೆಯದು. ಮೊಮ್ಮಗಳಿಗಲ್ಲದೆ ಇನ್ನು ಯಾರಿಗೆ? ಉದ್ದ ಹೆಚ್ಚಾಯಿತು, ತುದಿ ಮಡಿಸಿ ಅಂಗಿಯ ಎದೆಗೆ ಇಟ್ಟು ಹೊಲಿದೆ. ನನ್ನ ನಾಲ್ಕು ಕಾಜಾಕ್ಕೆ ನಾಲ್ಕು ಪುಟ್ಟ ಗುಂಡಿ. ಐದನೆಯದಕ್ಕೆ ಗುಂಡಿ ಹೊಲಿಯಲಿಲ್ಲ. ಹೊಲಿಗೆ ಬಿಚ್ಚಲೂ ಇಲ್ಲ; ಬಿಚ್ಚಿದರೂ ತೂತು ಹೋಗುವುದಿಲ್ಲ.

ಮಗಳು ಕೂಸಿಗೆ ತೊಡಿಸುವಾಗ ಕೇಳಿದಳು. "ಇದೇನಮ್ಮ, ಕೊನೇದಕ್ಕೆ ಗುಂಡೀನೇ ಇಲ್ಲ? ಮರ್ತ್ಬುಟ್ಟಾ?"

"ಮರ್ತಿಲ್ಲ. ಅದು ನಂದಲ್ಲ ಕಣೆ" ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಹೆಂಗಸರು ಸೋಬಾನೆ ಶುರು ಮಾಡಿದ್ದರು, ಎದ್ದು ಹೋದಳು.

ತೊಟ್ಟಿಲಿಗೆ ಹಾಕಿದೆವು. ಕಿವಿಯಲ್ಲಿ ಹೆಸರು ಹೇಳಿದೆವು. ಲಿಸ್ಟಿಲ್ಲ, ಸರದಿಯಿಲ್ಲ, ನನ್ನ ಕೂಸಿಗೆ ಊರೆಲ್ಲ ಸೇರಿ ಹೆಸರಿಟ್ಟಿತು. ಅವಳು ಮಾತ್ರ ಯಾರನ್ನೂ ನೋಡದೆ ತನ್ನ ಎದೆಯನ್ನೇ ತಡಕುತ್ತಿದ್ದಳು. ಪುಟ್ಟ ಬೆರಳು ಹುಡುಕಿ ಹುಡುಕಿ ಸರಿಯಾಗಿ ಆ ಐದನೇ ಕಾಜಾದಲ್ಲೇ ತೂರಿತು. ಸಿಕ್ಕಿಕೊಂಡ ಬೆರಳನ್ನು ಬಿಡಿಸಿಕೊಳ್ಳುವುದಕ್ಕೆ ಎಳೆದಳು, ಕೆಂಪಗಾಗಿ ಎಳೆದಳು, ಒದ್ದಾಡಿ ಎಳೆದಳು, ಆಮೇಲೆ ಅದೇ ಒಂದು ಆಟ ಅಂತ ನನ್ನ ಕಡೆ ನೋಡಿ ವಸಡು ಬಿಟ್ಟು ನಕ್ಕಳು, ಮತ್ತೆ ಎಳೆದಳು.

ನಾನು ಬಗ್ಗಿ ನೋಡಿದೆ. ಒಂದು ಎಳೆಯೂ ಕಿತ್ತಿರಲಿಲ್ಲ.